ಬೂಟಿನ ಲೇಸು ಕೈಕೊಟ್ಟರೆ: ತಪ್ಪು ಯಾರದೆಂದು ಹುಡುಕುವ ಬಗೆ

ಹೋದ ಆಟಿಯಲ್ಲಿ, ಅಂದರೆ ತುಳುವರ ಜಡಿಮಳೆಯ ತಿಂಗಳಲ್ಲಿ, ನೆರೆಮನೆಯವರು ಒಂದು ಜೊತೆ ಬೂಟು ನೇತಾಡಿಸಿಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತರು. "ಒಂದು ತಿಂಗಳಲ್ಲಿ ಇದು ನಾಲ್ಕನೇ ಲೇಸು ಮಾರಾಯ್ರೆ. ಬದಿಯಡ್ಕದಲ್ಲಿ ತಗೊಂಡದ್ದು ತುಂಡಾಯಿತು, ಕಾಸರಗೋಡು ಪೇಟೆಯಿಂದ ತರಿಸಿದ್ದೂ ತುಂಡಾಯಿತು. ಈಗ ಬರುವ ಮಾಲೇ ಹಾಗೆ." ತುಂಡಾದ ಲೇಸುಗಳನ್ನು ತೋರಿಸಿ ಎಂದೆ. ಮೂರನ್ನು ಆಗಲೇ ಬಿಸಾಡಿದ್ದರು. ನಾಲ್ಕನೆಯದಕ್ಕೆ ಗಂಟು ಹಾಕಿ ಮತ್ತೆ ಪೋಣಿಸಿದ್ದರಿಂದ ಅದೊಂದು ಬೂಟಿನಲ್ಲೇ ಉಳಿದಿತ್ತು.

ಹಾಗಾಗಿ ಮೊದಲ ಮಾತು: ತುಂಡಾದ ಲೇಸನ್ನು ಬಿಸಾಡಬೇಡಿ. ಎಲ್ಲಿ ತುಂಡಾಯಿತು, ತುದಿ ಹೇಗಿದೆ ಎಂಬುದರಲ್ಲೇ ಮುಕ್ಕಾಲು ಉತ್ತರ ಇರುತ್ತದೆ. ಹೊಸ ಲೇಸು ತಂದು ಹಾಕಿದರೆ ಸಾಕ್ಷಿ ಹೋಯಿತು, ದೋಷ ಮಾತ್ರ ಹಾಗೇ ಉಳಿಯಿತು.

ನಮ್ಮ ಕಡೆಯ ತೋಟಗಳಲ್ಲಿ ಲೇಸಿನ ಬೂಟು ಕಾಣಿಸಿಕೊಂಡದ್ದು ಹುಲ್ಲು ಕತ್ತರಿಸುವ ಯಂತ್ರದ ಜೊತೆಯಲ್ಲೇ ಎನ್ನಬೇಕು. ಅದಕ್ಕೆ ಮೊದಲು ಬರಿಗಾಲು, ಇಲ್ಲವಾದರೆ ಗಂಬೂಟು. ಗಂಬೂಟಿಗೆ ಲೇಸಿನ ತಲೆನೋವಿಲ್ಲ, ಆದರೆ ಇಳಿಜಾರು ಗುಡ್ಡೆಯಲ್ಲಿ ಕಾಲು ಅದರೊಳಗೇ ಜಾರುತ್ತದೆ. ಲೇಸಿನ ಬೂಟು ಕಾಲನ್ನು ಹಿಡಿದುಕೊಳ್ಳುತ್ತದೆ, ಅದು ಹಿಡಿಯುವುದು ಲೇಸಿನಿಂದ. ಐವತ್ತು ರೂಪಾಯಿಯ ದಾರ ಎಂದು ಅಸಡ್ಡೆ ಮಾಡಿದರೆ ಎರಡು ಸಾವಿರದ ಬೂಟು ಚಪ್ಪಲಿಗೆ ಸಮ.

ಮೊದಲು ಅದಲುಬದಲು ಮಾಡಿ

ಆರೋಪಿಗಳು ಮೂವರು: ಲೇಸು, ಬೂಟು, ಕಟ್ಟುವ ಕೈ. ಬಲ್ಬ್ ಉರಿಯದಿದ್ದರೆ ಅದನ್ನು ಬೇರೆ ಹೋಲ್ಡರಿಗೆ ಹಾಕಿ ನೋಡುತ್ತೇವಲ್ಲ, ಇಲ್ಲಿಯೂ ಅದೇ. ಎಡದ ಲೇಸನ್ನು ಬಲದ ಬೂಟಿಗೆ, ಬಲದ್ದನ್ನು ಎಡಕ್ಕೆ ಹಾಕಿ ಎರಡು ದಿನ ನಡೆಯಿರಿ. ತೊಂದರೆ ಲೇಸಿನ ಹಿಂದೆಯೇ ಹೋದರೆ ಲೇಸೇ ಕೆಟ್ಟದ್ದು. ಲೇಸು ಬದಲಾದರೂ ತೊಂದರೆ ಅದೇ ಬೂಟಿನಲ್ಲಿ ಉಳಿದರೆ, ಆ ಬೂಟಿನ ತೂತು, ಕೊಕ್ಕೆ, ಇಲ್ಲವೇ ಆ ಕಾಲಿನ ಸುತ್ತ ನಡೆಯುವ ಕೆಲಸವನ್ನು ನೋಡಬೇಕು. ಎರಡೂ ಬೂಟಿನಲ್ಲಿ ಮೊದಲಿನಿಂದಲೂ ಒಂದೇ ತೊಂದರೆ ಇದ್ದರೆ ಹೆಚ್ಚಾಗಿ ಕೈ.

ನೆರೆಮನೆಯವರು ತಮಗೆ ಗೊತ್ತಿಲ್ಲದೆಯೇ ಈ ಪರೀಕ್ಷೆ ಮಾಡಿದ್ದರು. ಎರಡು ಅಂಗಡಿಯ ನಾಲ್ಕು ಲೇಸು, ನಾಲ್ಕೂ ಎಡಗಾಲಿನದ್ದು, ನಾಲ್ಕೂ ಬೆರಳಿನ ಕಡೆಯಿಂದ ಮೂರನೇ ತೂತಿನ ಹತ್ತಿರ. ಮಾಲು ಕೆಟ್ಟದ್ದಾಗಿದ್ದರೆ ಬಲಗಾಲಿನದ್ದು ಯಾಕೆ ಗಟ್ಟಿಮುಟ್ಟಾಗಿ ಉಳಿಯಿತು?

ಲೇಸು ಬಿಚ್ಚಿಕೊಳ್ಳುತ್ತಿದ್ದರೆ

ಇದು ಎಲ್ಲರ ದೂರು, ಇದರಲ್ಲಿ ಹತ್ತಕ್ಕೆ ಏಳೆಂಟು ಸಲ ತಪ್ಪು ಕೈಯದು. ಹೇಳಿದರೆ ಯಾರೂ ಒಪ್ಪುವುದಿಲ್ಲ. ಬೂಟಿನ ಗಂಟು ಹಾಕುವುದನ್ನು ಐದನೇ ವಯಸ್ಸಿನಲ್ಲಿ ಕಲಿತವರು ಐವತ್ತರಲ್ಲಿ ತಪ್ಪೆಂದು ಒಪ್ಪುವುದು ಸುಲಭವಲ್ಲ.

ಮಾತಿಗೆ ಅನುಕೂಲವಾಗಲೆಂದು ಹೆಸರಿಡುತ್ತೇನೆ. ಮೊದಲು ಹಾಕುವ ಅರ್ಧ ಗಂಟು ಅಡಿಗಂಟು. ಮೇಲೆ ಎರಡು ಕುಣಿಕೆ ಬರುವುದು ಮೇಲ್ಗಂಟು. ಕುಣಿಕೆಗಳು ಕಿವಿ, ಉಳಿದ ತುದಿಗಳು ಬಾಲ. ಈಗ ನೀವು ದಿನವೂ ಕಟ್ಟುವ ಹಾಗೆ, ಯೋಚನೆ ಮಾಡದೆ, ಒಮ್ಮೆ ಕಟ್ಟಿ. ಕಟ್ಟಿದ ಮೇಲೆ ಎರಡೂ ಕಿವಿಗಳನ್ನು ಮೆಲ್ಲ ಎಳೆದು ಬಿಡಿ. ಕಿವಿಗಳು ಬೂಟಿಗೆ ಅಡ್ಡಡ್ಡಲಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಮಲಗಿದರೆ ಗಂಟು ಸರಿ. ಒಂದು ಕಿವಿ ಬೆರಳಿನ ಕಡೆಗೆ, ಇನ್ನೊಂದು ಕಣಕಾಲಿನ ಕಡೆಗೆ ತಿರುಗಿ ಉದ್ದುದ್ದಕ್ಕೆ ನಿಂತರೆ ಅದು ಓರೆಗಂಟು. ಅಡಿಗಂಟನ್ನೂ ಮೇಲ್ಗಂಟನ್ನೂ ಒಂದೇ ಕಡೆಗೆ ಸುತ್ತಿದಾಗ ಹೀಗಾಗುತ್ತದೆ. ಒಂದು ಎಡಮುರಿ, ಒಂದು ಬಲಮುರಿ ಆದರೆ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಎರಡೂ ಎಡಮುರಿಯೇ ಆದರೆ ಪ್ರತಿ ಹೆಜ್ಜೆಗೂ ಸ್ವಲ್ಪ ಸ್ವಲ್ಪ ಹೊರಳಿ ಬಿಚ್ಚುತ್ತವೆ.

ಮದ್ದು ಸುಲಭ: ಮೇಲ್ಗಂಟನ್ನು ಮುಟ್ಟಲೇಬೇಡಿ, ಅದು ಕೈಗೆ ಕೂತುಬಿಟ್ಟಿದೆ, ಬದಲಾಗುವುದಿಲ್ಲ. ಅಡಿಗಂಟಿನಲ್ಲಿ ಮಾತ್ರ, ದಿನವೂ ಎಡದ್ದನ್ನು ಬಲದ್ದರ ಮೇಲೆ ತರುವವರು ನಾಳೆಯಿಂದ ಬಲದ್ದನ್ನು ಎಡದ್ದರ ಮೇಲೆ ತನ್ನಿ. ಒಂದು ವಾರ ಕೈ ತಡವರಿಸುತ್ತದೆ. ಆಮೇಲೆ ಕಿವಿ ತಾನಾಗಿ ಅಡ್ಡ ಮಲಗುತ್ತದೆ.

ಗಂಟು ನಡೆಯುವಾಗ ತನ್ನಿಂತಾನೇ ಹೇಗೆ ಬಿಚ್ಚುತ್ತದೆ ಎಂಬುದನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಂಜಿನಿಯರುಗಳು ನಿಧಾನಗತಿಯ ಕ್ಯಾಮೆರಾ ಇಟ್ಟು ನೋಡಿ, 2017ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಓಡುವಾಗ ಕಾಲು ನೆಲಕ್ಕೆ ಬಡಿಯುವ ಹೊಡೆತ ಗುರುತ್ವದ ಸುಮಾರು 7 ಪಟ್ಟು. ಆ ಪೆಟ್ಟಿಗೆ ಗಂಟು ಹಿಗ್ಗಿ ಕುಗ್ಗಿ ನಡು ಸಡಿಲವಾಗುತ್ತದೆ. ಕಾಲು ಬೀಸುವಾಗ ನೇತಾಡುವ ಕಿವಿ-ಬಾಲಗಳು ಚಾಟಿಯ ಹಾಗೆ ಬೀಸಿ, ಸಡಿಲವಾದದ್ದನ್ನು ಹೊರಗೆಳೆಯುತ್ತವೆ. ಬಡಿತ ಒಂದೇ ಇದ್ದರೂ ಬಿಚ್ಚುವುದಿಲ್ಲ, ಬೀಸಾಟ ಒಂದೇ ಇದ್ದರೂ ಬಿಚ್ಚುವುದಿಲ್ಲ. ಎರಡೂ ಸೇರಬೇಕು. ಒಮ್ಮೆ ಜಾರಲು ಸುರುವಾದರೆ ಮಾತ್ರ ಮತ್ತೆ ಕೆಲವೇ ಹೆಜ್ಜೆ. ಬೆಳಗ್ಗೆಯಿಂದ ಸರಿಯಿದ್ದ ಗಂಟು "ಈಗಷ್ಟೇ ನೋಡಿದೆ, ಸರಿ ಇತ್ತು" ಎನ್ನುವಾಗಲೇ ಬಿಚ್ಚುವುದು ಇದರಿಂದಲೇ.

ಇದನ್ನು ಓದಿದಾಗ ನನಗೆ ನೆನಪಾದದ್ದು ಯಕ್ಷಗಾನ ಆಟದ ಚೌಕಿ, ವೇಷ ಕಟ್ಟಿಕೊಳ್ಳುವ ಜಾಗ. ಗೆಜ್ಜೆ ಕಟ್ಟಿಕೊಂಡ ಮೇಲೆ ಉಳಿದ ತುದಿಯನ್ನು ನೇತಾಡಲು ಬಿಡುವ ವೇಷಧಾರಿಯನ್ನು ನಾನು ಕಂಡಿಲ್ಲ, ಒಳಗೆ ಸಿಕ್ಕಿಸಿಯೇ ಏಳುತ್ತಾರೆ. ಬೆಳಗಿನವರೆಗೆ ಕುಣಿಯಬೇಕಾದವರಿಗೆ ಕ್ಯಾಮೆರಾ ಬೇಕಾಗಲಿಲ್ಲ. ನೀವೂ ಕಿವಿ-ಬಾಲಗಳನ್ನು ಅಡ್ಡ ಹೋಗುವ ಲೇಸಿನ ಕೆಳಗೆ ತೂರಿಸಿಬಿಡಿ. ಹುಲ್ಲು ಕತ್ತರಿಸುವವರಿಗೆ ಇದು ಕಡ್ಡಾಯ. ತಿರುಗುವ ತಂತಿಯ ಹತ್ತಿರ ಜೋತಾಡುವ ಯಾವುದೂ ಇರಬಾರದು. ನಾಚಿಕೆಮುಳ್ಳಿನ ಹಿಂಡಿನಲ್ಲಿ ನಡೆದವರಿಗೂ ಗೊತ್ತು, ಬಳ್ಳಿ ಕಿವಿಗೆ ಸಿಕ್ಕಿಕೊಂಡು ಬಾಲವನ್ನೇ ಎಳೆದರೆ ಎಂತಹ ಒಳ್ಳೆಯ ಗಂಟೂ ಜೀರುಗುಣಿಕೆಯ ಹಾಗೆ ಬಿಚ್ಚುತ್ತದೆ.

ಗಂಟು ಸರಿಯಿದ್ದೂ ಬೂಟು ಸಡಿಲವಾದರೆ ಅದು ಬೇರೆಯೇ ಕಥೆ. ಗಂಟು ಹಾಗೇ ಇದೆ, ಕಿವಿ ಅಡ್ಡಡ್ಡವೇ ಇದೆ, ಆದರೆ ಹತ್ತು ಗಂಟೆಗೆ ಕಾಲು ಒಳಗೆ ಅಲ್ಲಾಡುತ್ತದೆ. ಮಳೆಗಾಲದಲ್ಲಿ ಮಾತ್ರ ಹೀಗಾಗುತ್ತದೆಯಾದರೆ ಲೇಸು ನೈಲಾನ್ ಎಂದು ತಿಳಿಯಿರಿ. ನೈಲಾನ್ ಗಾಳಿಯ ತೇವವನ್ನೇ ತನ್ನ ತೂಕದ ಶೇಕಡಾ 4ರಷ್ಟು ಹೀರಿಕೊಳ್ಳುತ್ತದೆ, ನೆನೆದರೆ ಇನ್ನೂ ಹೆಚ್ಚು. ಒದ್ದೆಯಾದಾಗ ಹಿಗ್ಗುತ್ತದೆ, ಬಲವೂ ಕೊಂಚ ಕುಗ್ಗುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಚರ್ಮದ ಬೂಟಾದರೆ ಚರ್ಮವೂ ನೆನೆದು ಮೆತ್ತಗಾಗುತ್ತದೆ, ಆಗ ಪಾಪ ಲೇಸನ್ನು ಬೈದು ಪ್ರಯೋಜನವಿಲ್ಲ. ಕಟ್ಟಿ, ಅರ್ಧ ಗಂಟೆ ಒದ್ದೆಯಲ್ಲಿ ನಡೆದು, ಮತ್ತೊಮ್ಮೆ ಬಿಗಿದು ಕಟ್ಟುವುದೇ ದಾರಿ.

ಇನ್ನು ಉರುಟು, ಅಂದರೆ ದುಂಡನೆಯ, ಲೇಸು. ನುಣ್ಣಗಿನ ಉರುಟು ನೈಲಾನ್ ಲೇಸು ನೋಡಲು ಚಂದ, ಗಂಟಿನಲ್ಲಿ ನಿಲ್ಲುವುದಿಲ್ಲ. ಚಪ್ಪಟೆ ಲೇಸು ಮೈಯೊಡ್ಡಿ ಹಿಡಿಯುತ್ತದೆ. ಉರುಟೇ ಬೇಕೆಂದರೆ ಅಡಿಗಂಟಿನಲ್ಲಿ ಒಂದು ಸುತ್ತು ಹೆಚ್ಚು ಹಾಕಿ. ಹೀಗೆ ಎರಡು ಸುತ್ತಿನ ಅಡಿಗಂಟು ಮೇಲ್ಗಂಟು ಹಾಕುವವರೆಗೆ ಬಿಗಿಯನ್ನು ಬಿಟ್ಟುಕೊಡುವುದಿಲ್ಲ. ಹೊಸ ಲೇಸಿಗೆ ಮೇಣದಬತ್ತಿಯನ್ನು ಗಂಟು ಬರುವ ಜಾಗದಲ್ಲಿ ಎರಡು ಸಲ ಎಳೆದರೂ ಸಾಕು.

ಗಂಟಿನ ಮೇಲೆ ಮತ್ತೊಂದು ಗಂಟು ಹಾಕುವ ಅಭ್ಯಾಸ ಇದೆಯಲ್ಲ, ನನಗೆ ಅದು ಇಷ್ಟವಿಲ್ಲ. ಓರೆಗಂಟನ್ನು ಓರೆಗಂಟಿನಿಂದಲೇ ಮುಚ್ಚಿದ ಹಾಗೆ. ಸಂಜೆ ಒದ್ದೆ ಬೂಟು ಬಿಚ್ಚುವಾಗ ಅದು ಕಗ್ಗಂಟಾಗಿರುತ್ತದೆ.

ಲೇಸು ತುಂಡಾಗುತ್ತಿದ್ದರೆ

ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ.

ನೂಲು ನೂಲಾಗಿ ಕುಚ್ಚಿನ ಹಾಗೆ ಬಿಡಿಸಿಕೊಂಡಿದ್ದರೆ, ಅದರ ಹತ್ತಿರದ ಅರ್ಧ ಇಂಚು ರೋಮ ಎದ್ದ ಹಾಗೆ ನವಿರಾಗಿದ್ದರೆ, ಅದು ಸವೆತ. ಸವೆಸಿದ್ದು ಯಾರೆಂದು ತಿಳಿಯಲು ಕಿವಿಗೆ ಹಾಕುವ ಹತ್ತಿಯ ಕಡ್ಡಿ ತನ್ನಿ. ತುಂಡಾದ ಜಾಗದ ತೂತಿನೊಳಗೆ ಹಾಕಿ ಒಂದು ಸುತ್ತು ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ತೂತಿನ ಸುತ್ತಲಿನ ಲೋಹದ ಬಳೆಯಲ್ಲಿ ಮುಳ್ಳು ಎದ್ದಿದೆ. ಬೆರಳಿಗೆ ಗೊತ್ತಾಗದಷ್ಟು ಸಣ್ಣ ಮುಳ್ಳಾದರೂ ದಿನಕ್ಕೆ ಸಾವಿರಾರು ಹೆಜ್ಜೆಗೆ ಸಾವಿರಾರು ಸಲ ಲೇಸನ್ನು ಕೆರೆಯುತ್ತದೆ. ನಯವಾದ ಎಮರಿ ಕಾಗದವನ್ನು ಸುರುಳಿ ಮಾಡಿ ಒಳಗೆ ತಿರುಗಿಸಿದರೆ ಹೋಗುತ್ತದೆ. ಹೋಗದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಬಳೆ ಬದಲಿಸಿ, ಐದು ನಿಮಿಷದ ಕೆಲಸ. ಮೇಲಿನ ಕೊಕ್ಕೆಗಳನ್ನೂ ಹೀಗೆಯೇ ನೋಡಿ. ಕಲ್ಲಿಗೆ ಬಡಿದು ಕೊಕ್ಕೆಯ ಬಾಯಿ ಮುಚ್ಚಿದ್ದರೆ ಅದರ ಅಂಚು ಲೇಸಿಗೆ ಕತ್ತಿಯಾಗುತ್ತದೆ.

ತೂತಿನ ಬಳೆ ಹಾಳಾಗಲು ನಮ್ಮ ಅಡಿಕೆ ತೋಟಗಳಲ್ಲಿ ಒಂದು ವಿಶೇಷ ಕಾರಣ ಇದೆ: ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತಾರಲ್ಲ, ಅಲಗಿನ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಎನ್ನುತ್ತಾರೆ. ಆ ಕೆಂಪು ತಾಮ್ರ. ಕಬ್ಬಿಣ ಕರಗಿ ತಾಮ್ರ ಅದರ ಮೇಲೆ ಕೂತಿದೆ. ಬೂಟಿನ ತೂತಿನ ಬಳೆಯೂ ಎಷ್ಟೋ ಸಲ ಲೇಪ ಕೊಟ್ಟ ಕಬ್ಬಿಣವೇ. ಲೇಪ ಸವೆದ ಮೇಲೆ, ಮೈಲುತುತ್ತು ಕರಗಿಸುವಾಗ ಚೆಲ್ಲಿದ ನೀರು ಅದಕ್ಕೆ ತಾಗಿದರೆ ಕತ್ತಿಯಲ್ಲಿ ನಡೆದದ್ದೇ ಇಲ್ಲಿಯೂ ನಡೆಯುತ್ತದೆ. ಬಳೆ ಕುಳಿ ಬಿದ್ದು ಗರಗಸವಾಗುತ್ತದೆ. ಮದ್ದು ಹೊಡೆದ ದಿನ ಬೂಟನ್ನು ಧಾರಾಳ ನೀರಿನಲ್ಲಿ ತೊಳೆಯುವುದು ಚರ್ಮಕ್ಕಿಂತಲೂ ಹೆಚ್ಚಾಗಿ ಈ ಬಳೆಗಳಿಗಾಗಿ. ಹೊಸ ಬೂಟು ಕೊಳ್ಳುವವರು ಸಣ್ಣ ಅಯಸ್ಕಾಂತ ಹಿಡಿದು ನೋಡಿ, ಬಳೆಗೆ ಅಂಟದಿದ್ದರೆ ಹಿತ್ತಾಳೆಯದ್ದೋ ಅಲ್ಯುಮಿನಿಯಮಿನದ್ದೋ ಇರಬಹುದು, ನಮ್ಮ ಕೆಲಸಕ್ಕೆ ಹಿತ್ತಾಳೆ ಒಳ್ಳೆಯದು.

ತೂತಿನಲ್ಲಲ್ಲ, ಎರಡು ಲೇಸು ಒಂದರ ಮೇಲೊಂದು ಹಾಯುವ ಜಾಗದಲ್ಲಿ ಸವೆದಿದ್ದರೆ ಮಣ್ಣಿನ ಕೆಲಸ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹುಡಿ ಕಂಡರೆ ಬಣ್ಣದ ಪುಡಿ, ಆದರೆ ಅದರಲ್ಲಿ ಕಬ್ಬಿಣದ ಆಕ್ಸೈಡಿನ ಜೊತೆ ಮರಳಿನ ಸಣ್ಣ ಹರಳುಗಳೂ ಇರುತ್ತವೆ. ಅದು ಹೆಣಿಗೆಯೊಳಗೆ ಸೇರಿ ಒಳಗಿನಿಂದಲೇ ಕೊಯ್ಯುತ್ತದೆ. ಪದವಿನಲ್ಲಿ, ಅಂದರೆ ಮುರಕಲ್ಲಿನ ಬಯಲಿನಲ್ಲಿ, ಬೇಸಿಗೆಯಿಡೀ ನಡೆಯುವವರ ಲೇಸು ಮಳೆಗಾಲಕ್ಕೆ ಮೊದಲೇ ಸೋಲುವುದು ಹೀಗೆ. ತಿಂಗಳಿಗೊಮ್ಮೆ ಲೇಸು ಬಿಚ್ಚಿ ಸಾಬೂನು ನೀರಿನಲ್ಲಿ ಹಿಂಡಿ. ಬರುವ ಕೆಂಪು ನೀರನ್ನು ನೋಡಿದ ಮೇಲೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ತುದಿ ಕಾಗದದ ಹಾಗೆ ಹರಿದಿದ್ದರೆ, ಕಪ್ಪು ಚುಕ್ಕೆ ಇದ್ದರೆ, ಮೂಗಿಗೆ ಬೂಸಲು ವಾಸನೆ ಬಂದರೆ ಹತ್ತಿಯ ಲೇಸು ಕೊಳೆತಿದೆ. ಹತ್ತಿ ಒದ್ದೆಯಾದಾಗ ಗಟ್ಟಿಯೇ ಆಗುತ್ತದೆ, ಅದು ಸೋಲುವುದು ಒಣಗದೆ ದಿನಗಟ್ಟಲೆ ಕೂತಾಗ. ಆಟಿ ತಿಂಗಳಲ್ಲಿ ನಮ್ಮಲ್ಲಿ ಒಣಗುವುದೆಂದರೇನು? ಹತ್ತಿಯ ಲೇಸು ಶಾಲೆ ಬೂಟಿಗೆ ಸರಿ, ತೋಟಕ್ಕಲ್ಲ.

ಓರೆಯಾಗಿ, ನೀಟಾಗಿ, ಎರಡು ಹಲ್ಲಿನ ಗುರುತಿನ ಸಮೇತ ಕತ್ತರಿಸಿದ್ದರೆ ಇಲಿ. ಬೆವರಿನ ಉಪ್ಪು ಅದಕ್ಕೆ ಇಷ್ಟ. ಬೂಟನ್ನು ನೆಲದಲ್ಲಿಡದೆ ತೂಗುಹಾಕುವುದು ಬಿಟ್ಟರೆ ಬೇರೆ ಮದ್ದು ನನ್ನ ಹತ್ತಿರ ಇಲ್ಲ.

ಈಗ ನೆರೆಮನೆಯವರ ಲೇಸು. ಅದರ ತುದಿ ಇದ್ಯಾವುದೂ ಅಲ್ಲ. ಕುಚ್ಚು ಬಿಟ್ಟಿರಲಿಲ್ಲ, ಹಲ್ಲಿನ ಗುರುತು ಇರಲಿಲ್ಲ, ಬಳೆ ಹತ್ತಿಯ ಕಡ್ಡಿಯ ಪರೀಕ್ಷೆಯಲ್ಲಿ ಪಾಸು. ತುದಿ ಗಟ್ಟಿಯಾಗಿ, ಸ್ವಲ್ಪ ಹೊಳಪಾಗಿ, ನೂಲೆಲ್ಲ ಒಂದಕ್ಕೊಂದು ಅಂಟಿಕೊಂಡು ಬೆಂಕಿಗೆ ಹಿಡಿದ ಹಾಗೆ. ಬೆಂಕಿಯ ಹತ್ತಿರ ಹೋಗಿದ್ದೀರಾ ಎಂದರೆ ಇಲ್ಲ. ಅದರ ಪಕ್ಕದಲ್ಲಿ, ತುಂಡಾಗದ ಜಾಗದಲ್ಲೂ, ಸಾಸಿವೆ ಕಾಳಿನಷ್ಟು ಎರಡು ಗಟ್ಟಿ ಚುಕ್ಕೆಗಳಿದ್ದವು. ಎಲ್ಲಿಂದಲೋ ಏನೋ ತೊಟ್ಟಿಕ್ಕಿದೆ ಎಂದಾಯಿತು. ಅವರಿಗೆ ಅಡಿಕೆಯ ಜೊತೆ ರಬ್ಬರೂ ಇದೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ರಬ್ಬರಿನ ಹಾಲು ಹೆಪ್ಪುಗಟ್ಟಿಸಿ ಶೀಟು ಮಾಡುತ್ತಾರೆ. ಹೆಪ್ಪಿಗೆ ಹಾಕುವುದು ಫಾರ್ಮಿಕ್ ಆಸಿಡ್.

ಹೋಗಿ ನೋಡಿದೆವು. ಕ್ಯಾನು ಎದೆಯೆತ್ತರದ ಹಲಗೆಯ ಮೇಲೆ. ಬಲಗೈಯಲ್ಲಿ ಕ್ಯಾನು ಬಗ್ಗಿಸಿ ಎಡಗೈಯ ಸಣ್ಣ ಅಳತೆಗೆ ಸುರಿಯುವುದು. ಅಳತೆಯ ಹೊರಮೈಯಿಂದ ಹನಿ ಇಳಿದು ನೇರ ಎಡಗಾಲಿನ ಮೇಲೆ. ನೀರು ಸೇರಿಸುವ ಮೊದಲಿನ ಶೇಕಡಾ 85ರ ಆಸಿಡ್ ಅದು. ನೈಲಾನನ್ನು ಕರಗಿಸಿಬಿಡುವ ಕೆಲವೇ ದ್ರವಗಳಲ್ಲಿ ಇದೊಂದು, ಬಟ್ಟೆಯ ಪ್ರಯೋಗಾಲಯಗಳಲ್ಲಿ ನೈಲಾನನ್ನೂ ಪಾಲಿಯೆಸ್ಟರನ್ನೂ ಬೇರೆ ಮಾಡಿ ಗುರುತಿಸುವುದೇ ಇದರಿಂದ. ಪಾಲಿಯೆಸ್ಟರಿಗೆ ಅದು ಏನೂ ಮಾಡುವುದಿಲ್ಲ. ಮರದ ಕೆಂಪಿರುವೆ ಚಗಳಿ ಕಚ್ಚಿದಾಗ ಉರಿಯುವುದೂ ಇದೇ ಆಸಿಡಿನಿಂದ. ಆದರೆ ಚಗಳಿಯದ್ದು ಕಣದಷ್ಟು, ಕ್ಯಾನಿನದ್ದು ಚರ್ಮ ಸುಡುವಂಥದ್ದು, ಕಣ್ಣಿಗೆ ಹೋದರೆ ಕೇಳುವುದೇ ಬೇಡ. ಲೇಸಿನ ಮೇಲೆ ಹನಿ ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ. ಕ್ಯಾನನ್ನು ಮೊಣಕಾಲಿನೆತ್ತರಕ್ಕೆ ಇಳಿಸಿ, ಕೈಗವಸು ಹಾಕಿ, ಅಳತೆಯ ಕೆಳಗೆ ಬೇಸಿನ್ ಇಡಿ ಎಂದೆ. ಕಾಲು ಸುಡದೆ ಲೇಸು ಸುಟ್ಟದ್ದು ಅವರ ಪುಣ್ಯ.

ರಬ್ಬರಿನ ಹಾಲು ಲೇಸಿಗೆ ತಾಗಿದರೆ ಲೇಸೇನೂ ತುಂಡಾಗುವುದಿಲ್ಲ, ಗಂಟು ಅಂಟಿಕೊಳ್ಳುತ್ತದೆ ಅಷ್ಟೆ. ಒಣಗುವ ಮೊದಲು ನೀರಿನಲ್ಲಿ ಹೋಗುತ್ತದೆ, ಒಣಗಿದ ಮೇಲೆ ಉಗುರಿನಿಂದ ಉಜ್ಜಿ ಸುಲಿಯಬೇಕು.

ಉಂಬಳಕ್ಕೆಂದು (ರಕ್ತ ಹೀರುವ ನೆಲದ ಜಿಗಣೆ) ಲೇಸಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಹಚ್ಚುವವರಿದ್ದಾರೆ. ಉಂಬಳ ನುಗ್ಗುವುದು ಬೂಟಿನ ನಾಲಗೆಯ ಬದಿಯ ಸಂದಿಯಿಂದ ಎಂಬುದು ನಿಜ, ಹಾಗಾಗಿ ಹಚ್ಚುವ ಜಾಗವೇನೋ ಸರಿ. ಆದರೆ ಉಪ್ಪು ಬಳೆಯನ್ನು ತುಕ್ಕು ಹಿಡಿಸುತ್ತದೆ. ಸುಣ್ಣ ಚರ್ಮವನ್ನು ಒಣಗಿಸಿ ಒಡೆಯುವಂತೆ ಮಾಡುತ್ತದೆ, ಬಹುಕಾಲ ಕೂತರೆ ಪಾಲಿಯೆಸ್ಟರನ್ನೂ ತಿನ್ನುತ್ತದೆ. ಹಚ್ಚಿದರೆ ಅದೇ ಸಂಜೆ ತೊಳೆಯಿರಿ.

ಲೇಸು ಸರಿ, ಗಂಟು ಸರಿ, ಕಾಲು ಮಾತ್ರ ನೋಯುತ್ತದೆ

ಬೂಟು ಬಿಗಿದು ಕಟ್ಟಿದಾಗ ಎರಡು ಸಾಲು ತೂತುಗಳ ನಡುವಿನ ಅಂತರ ನೋಡಿ. ಸುಮಾರು ಎರಡು ಬೆರಳಿನಷ್ಟು, ಮೇಲಿಂದ ಕೆಳಗೆ ಸರಿಸಮ ಇದ್ದರೆ ಬೂಟು ನಿಮ್ಮ ಕಾಲಿನದ್ದು. ಎರಡೂ ಸಾಲು ಒಂದಕ್ಕೊಂದು ಮುತ್ತಿಟ್ಟರೆ ಬೂಟು ನಿಮಗೆ ಅಗಲ, ಲೇಸು ಇನ್ನು ಎಷ್ಟು ಎಳೆದರೂ ಎಳೆಯಲು ಜಾಗವೇ ಇಲ್ಲ. ಒಳಗೆ ದಪ್ಪ ಅಟ್ಟೆ ಹಾಕಿ ನೋಡಿ. ಅಂತರ ನಾಲ್ಕು ಬೆರಳಾದರೆ ಬೂಟು ಇಕ್ಕಟ್ಟು, ಅದಕ್ಕೆ ಲೇಸಿನಲ್ಲಿ ಮದ್ದಿಲ್ಲ.

ಪಾದದ ಬೆನ್ನಿನ ಮೇಲೆ ಉರಿ, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿಯಲ್ಲಿ ಜೋಮು. ಇದು ಲೇಸು ಅತಿ ಬಿಗಿಯಾದ ಗುರುತು. ಅಲ್ಲಿ ಬೆರಳನ್ನು ಎತ್ತುವ ನಾರುಗಳೂ ಒಂದು ನರವೂ ಚರ್ಮದ ಕೆಳಗೇ ಇವೆ, ಮೇಲೆ ಅಡ್ಡ ಹಾಯುವ ಲೇಸು ಅವನ್ನು ಎಲುಬಿಗೆ ಒತ್ತುತ್ತದೆ. ನೋಯುವ ಜಾಗವನ್ನು ಬೆರಳಿನಲ್ಲಿ ಹುಡುಕಿ. ಅದರ ನೇರಕ್ಕೆ ಬರುವ ಒಂದು ಅಡ್ಡವನ್ನು ಬಿಟ್ಟುಬಿಡಿ: ಲೇಸನ್ನು ಆ ಜೊತೆ ತೂತಿನಲ್ಲಿ ಅಡ್ಡ ದಾಟಿಸದೆ ಅದೇ ಬದಿಯಲ್ಲಿ ನೇರ ಮೇಲಿನ ತೂತಿಗೆ ಒಯ್ದು, ಅಲ್ಲಿಂದ ಮತ್ತೆ ದಾಟಿಸಿ. ನಡುವೆ ಸಣ್ಣ ಕಿಟಕಿ ಬಿಟ್ಟ ಹಾಗೆ. ಇದರಿಂದಲೂ ಒಂದೆರಡು ವಾರದಲ್ಲಿ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಅಷ್ಟು ದಿನವೂ ಕಾಯಬಾರದು.

ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗುವುದು ಇದಕ್ಕೆ ತಿರುಗುಮುರುಗು. ನಮ್ಮ ಕಾಸರಗೋಡು ಜಿಲ್ಲೆಯ ಬೆಟ್ಟ ರಾಣಿಪುರಂ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ. ಹತ್ತುವಾಗ ಎಲ್ಲರೂ ಹುಷಾರು, ಹುಲ್ಲುಗಾವಲಿನಿಂದ ಕೆಳಗಿಳಿಯುವಾಗ ಕಾಲು ಮುಂದಕ್ಕೆ ಜಾರಿ ಬೆರಳು ಬೂಟಿನ ಮೂತಿಗೆ ಬಡಿಯುತ್ತಲೇ ಇರುತ್ತದೆ. ಇಡೀ ಲೇಸನ್ನು ಬಿಗಿದರೆ ಪಾದದ ಬೆನ್ನು ನೋಯುತ್ತದೆ. ಬಿಗಿಯಬೇಕಾದದ್ದು ಕಣಕಾಲು ಬಾಗುವ ಜಾಗ ಒಂದೇ. ಅಲ್ಲಿ, ಕೊಕ್ಕೆಗಳು ಸುರುವಾಗುವ ಮೊದಲು, ಎರಡು ಸುತ್ತಿನ ಅಡಿಗಂಟು ಒಂದು ಹಾಕಿ ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸಿ ಬಿಗಿಯಿರಿ. ಆ ಗಂಟು ಕೆಳಗಿನ ಸಡಿಲವನ್ನೂ ಮೇಲಿನ ಬಿಗಿಯನ್ನೂ ಬೇರೆ ಬೇರೆ ಇಡುತ್ತದೆ. ಇಳಿಯಲು ಹೊರಡುವ ಮೊದಲು ಎರಡು ನಿಮಿಷ ಕೂತು ಇದನ್ನು ಮಾಡಿದವರ ಉಗುರು ಉಳಿಯುತ್ತದೆ.

ಪೋಣಿಸುವ ನಮೂನೆಗಳ ಬಗ್ಗೆ ಹುಡುಗರು ತುಂಬ ಕೇಳುತ್ತಾರೆ. ಬರ್ಕಾರ್ಡ್ ಪೋಲ್ಸ್ಟರ್ ಎಂಬ ಗಣಿತಜ್ಞರು 2002ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೆಕ್ಕ ಹಾಕಿಯೇ ತೋರಿಸಿದ್ದಾರೆ: ಬಿಗಿಯಾಗಿ ಎಳೆಯಲು ನಾವು ಮೊದಲಿನಿಂದ ಮಾಡುವ ಅಡ್ಡಕತ್ತರಿಯೂ, ನೇರ ಅಡ್ಡಪಟ್ಟಿಯ ನಮೂನೆಯೂ ಎಲ್ಲಕ್ಕಿಂತ ಮೇಲು. ಉಳಿದವು ಚಂದಕ್ಕೆ.

ತುದಿ ಕುಚ್ಚಾದರೆ, ಹೊಸತು ತರುವುದಾದರೆ

ತುದಿಯ ಪ್ಲಾಸ್ಟಿಕ್ ಹೋದರೆ ಲೇಸು ತೂತಿಗೆ ಹೋಗುವುದಿಲ್ಲ, ಎಂಜಲು ಹಚ್ಚಿ ಹೊಸೆದು ಹೊಸೆದು ಬೆಳಗಾಗುತ್ತದೆ. ಮೊದಲು ಲೇಸು ಯಾವುದೆಂದು ತಿಳಿಯಿರಿ. ಕುಚ್ಚಿನಿಂದ ಒಂದು ನೂಲು ಕಿತ್ತು, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕಾಗದದ ವಾಸನೆ ಬಂದು ಮೆತ್ತನೆಯ ಬೂದಿಯಾದರೆ ಹತ್ತಿ. ಮುದುಡಿ ಕರಗಿ ಗಟ್ಟಿ ಮಣಿಯಾದರೆ ನೈಲಾನ್ ಅಥವಾ ಪಾಲಿಯೆಸ್ಟರ್, ಕಪ್ಪು ಮಸಿಯ ಹೊಗೆ ಬಂದು ಮಣಿಯೂ ಕಪ್ಪಾದರೆ ಹೆಚ್ಚಾಗಿ ಪಾಲಿಯೆಸ್ಟರ್. ಕರಗುವ ಲೇಸಾದರೆ ತುದಿಯನ್ನು ಓರೆ ಕತ್ತರಿಸಿ ಮೇಣದಬತ್ತಿಗೆ ತೋರಿಸಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಹೊಸೆಯಿರಿ. ಬರಿಗೈಯಲ್ಲಿ ಹೊಸೆದರೆ ಬೊಕ್ಕೆ ಖಚಿತ. ಹತ್ತಿಗೆ ಬಿಗಿಯಾಗಿ ದಾರ ಸುತ್ತಿ ಬಿಳಿ ಅಂಟು ಹಚ್ಚಿ ಒಣಗಿಸಿ. ತಕ್ಷಣ ಅಂಟುವ ಸೂಪರ್ ಗ್ಲೂವನ್ನು ಹತ್ತಿಗೆ ಧಾರಾಳ ಸುರಿಯಬೇಡಿ, ಅದು ಹತ್ತಿಯ ಜೊತೆ ಸೇರಿ ಬೆರಳು ಸುಡುವಷ್ಟು ಬಿಸಿಯಾಗುತ್ತದೆ.

ಹೊಸತಿಗೆ ಹಳೆಯದನ್ನೇ ಅಳತೆಗೆ ಒಯ್ಯಿರಿ. ಇಲ್ಲವಾದರೆ ಏಳೆಂಟು ಜೊತೆ ತೂತಿನ ಬೂಟಿಗೆ 150 ಸೆಂಟಿಮೀಟರ್ ಆಸುಪಾಸು. ಪೇಟೆಯಲ್ಲಿ ಬರೇ "ಲೇಸು" ಎಂದರೆ ಸೀರೆಯ ಅಂಚಿನದ್ದನ್ನು ತೆಗೆದು ತೋರಿಸುತ್ತಾರೆ, ಮಲೆಯಾಳದಲ್ಲಿ "ಚರಡ್" ಎಂದರೆ ಕೈಗೆ ಕಟ್ಟುವ ಕಪ್ಪು ದಾರ ಬರುತ್ತದೆ. ನನಗೆ ಎರಡೂ ಆಗಿದೆ. ಕಾಲು ತೋರಿಸಿ ಕೇಳುವುದು ಕ್ಷೇಮ. ತೋಟಕ್ಕೆ ಚಪ್ಪಟೆ ಪಾಲಿಯೆಸ್ಟರ್, ಒತ್ತಾದ ಹೆಣಿಗೆಯದ್ದು.

ಕಗ್ಗಂಟಾಗಿದ್ದರೆ

ಒದ್ದೆಯಲ್ಲಿ ಬಿಗಿದ ಗಂಟನ್ನು ಎಳೆಯಬೇಡಿ, ಎಳೆದಷ್ಟೂ ಅದಕ್ಕೆ ಖುಷಿ. ಗಂಟನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ, ಮರದ ತುಂಡಿನ ಮೇಲಿಟ್ಟು ಹಗುರಾಗಿ ಕುಟ್ಟಿ. ಆಮೇಲೆ ಬಾಲವನ್ನು ಬಿಗಿಯಾಗಿ ಹೊಸೆದು ಗಟ್ಟಿ ಮಾಡಿ ಗಂಟಿನೊಳಗೆ ದೂಡಿ. ಎಳೆಯುವುದಲ್ಲ, ದೂಡುವುದು. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ, ಅಲ್ಲಿಗೆ ಮೊಂಡು ದಬ್ಬಣ. ಹಿಡಿಸೂಡಿಯ ಕಡ್ಡಿಯೂ ಆದೀತು, ಮುರಿದು ಒಳಗೆ ಉಳಿಯದಿದ್ದರೆ. ಹಲ್ಲು ಉಪಯೋಗಿಸುವವರು ಆ ಲೇಸು ಎಲ್ಲೆಲ್ಲಿ ನಡೆದು ಬಂದಿದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ.

ನೆರೆಮನೆಯವರ ನಾಲ್ಕನೇ ಲೇಸಿನ ನಡುವಿನ ಗಂಟನ್ನು ಬಿಚ್ಚಲು ನನಗೆ ಒಂದು ಲೋಟ ಚಹಾ ಕುಡಿದು ಮುಗಿಯುವಷ್ಟು ಹೊತ್ತು ಹಿಡಿಯಿತು. ಅವರು ಎರಡೂ ಕಾಲಿಗೆ ಪಾಲಿಯೆಸ್ಟರ್ ಹಾಕಿಸಿಕೊಂಡರು, ಆಸಿಡಿನ ಕ್ಯಾನು ಕೆಳಗಿಳಿಯಿತು. ಈ ವರ್ಷದ ಆಟಿ ಕಳೆದರೂ ಎಡಗಾಲಿನ ಲೇಸು ಹಾಗೇ ಇದೆ. ಬಲಗಾಲಿನದ್ದನ್ನು ಮೊನ್ನೆ ಇಲಿ ಕಡಿಯಿತಂತೆ.